ಗಡಿಯಾರ ಗೋಪುರದ ಮೆಟ್ಟಿಲು: ಐತಿಹಾಸಿಕ ಪತ್ತೇದಾರಿ ಕಾದಂಬರಿಯಲ್ಲಿ ಸಂಕೇತದ ಹೊಣೆ

ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನವನ್ನು ಹಾಯ್ದು ಕಚೇರಿ ಸೇರುವ ನಮ್ಮಂಥ ಕೇಂದ್ರ ಸರಕಾರದ ನೌಕರರಿಗೆ ರಾಜಾಬಾಯಿ ಗೋಪುರವೆಂದರೆ ಮೊದಲಿಗೆ ಒಂದು ಗಡಿಯಾರ. ಬೆಳಗ್ಗೆ ತಲೆಯೆತ್ತಿ ನೋಡುವುದು ಹಾಜರಿಗೆ ತಡವಾಯಿತೇ ಎಂದು. ಸಂಜೆ ನೋಡುವುದು ಬೊರಿವಲಿಯ ಫಾಸ್ಟ್ ಲೋಕಲ್ ಸಿಕ್ಕೀತೇ ಎಂದು. ಎಂ.ಎ. ಓದುತ್ತಿದ್ದ ಕಾಲದಲ್ಲಿ ಅದೇ ಗೋಪುರದ ಬುಡದಲ್ಲಿರುವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಬಣ್ಣದ ಗಾಜಿನ ಕಿಟಕಿಗಳ ಕೆಳಗೆ ಕುಳಿತು, ಇಂಗ್ಲಿಷ್ ಕಾದಂಬರಿಗಳ ಸಂಕೇತಗಳನ್ನು ಪಟ್ಟಿಮಾಡಿ ಟಿಪ್ಪಣಿ ಬರೆದುಕೊಂಡದ್ದೂ ಉಂಟು. ನಮ್ಮ ತಲೆಯ ಮೇಲೆಯೇ ನಿಂತಿದ್ದ ಗೋಪುರದ ಕಥೆ ಮಾತ್ರ ಆಗ ನಮಗೆ ತಿಳಿದಿರಲಿಲ್ಲ. ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ನಮ್ಮ ಬಳಗದ ತಿಂಗಳ ಓದಿಗೆಂದು ಆರಿಸಿಕೊಂಡ ಒಂದು ಪತ್ತೇದಾರಿ ಕಾದಂಬರಿಯಿಂದ.

ಆ ಕಾದಂಬರಿ ನೆವ್ ಮಾರ್ಚ್ ಅವರ ‘ಮರ್ಡರ್ ಇನ್ ಓಲ್ಡ್ ಬಾಂಬೆ’. ಮುಂಬಯಿಯ ಪಾರಸಿ ಮೂಲದವರಾಗಿ ಅಮೆರಿಕದಲ್ಲಿ ನೆಲೆಸಿರುವ ಲೇಖಕಿಯ ಮೊದಲ ಕೃತಿ ಅದು, ಪ್ರಕಟವಾದದ್ದು 2020ರಲ್ಲಿ. ಕಥೆ ನಡೆಯುವುದು 1892ರಲ್ಲಿ. ಅದರ ಬೇರಿನಲ್ಲಿರುವ ಘಟನೆ ಕಲ್ಪಿತವಲ್ಲ. 1891ರ ಏಪ್ರಿಲ್ 25, ಶನಿವಾರದಂದು ಬಚೂಬಾಯಿ ಮತ್ತು ಪಿರೋಜಬಾಯಿ ಎಂಬ ಇಬ್ಬರು ಪಾರಸಿ ತರುಣಿಯರು, ಪರಸ್ಪರ ಬಂಧುಗಳು, ಹಾಡುಹಗಲಿನಲ್ಲಿ ರಾಜಾಬಾಯಿ ಗೋಪುರವನ್ನು ಹತ್ತಿದರು. ಮೆಟ್ಟಿಲಿಳಿದು ಬರಲಿಲ್ಲ, ಇಬ್ಬರೂ ಮೇಲಿನಿಂದ ಬಿದ್ದು ಸತ್ತರು. ಆತ್ಮಹತ್ಯೆಯೋ, ಕೊಲೆಯೋ, ಮಾನ ಉಳಿಸಿಕೊಳ್ಳಲು ತಾವೇ ಹಾರಿದರೋ ಎಂದು ನಗರವೆಲ್ಲ ಮಾತಾಡಿತು. ಒಬ್ಬ ತರುಣನ ಮೇಲೆ ಆಪಾದನೆ ಬಂತು, ವಿಚಾರಣೆ ನಡೆಯಿತು, ಅವನು ಬಿಡುಗಡೆಯಾದ. ನಡೆದದ್ದೇನೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಬಚೂಬಾಯಿಯ ಪತಿ ಅರ್ದೇಶಿರ್ ಗೋದ್ರೆಜ್, ಮುಂದೆ ಆ ಹೆಸರಿನ ಪ್ರಸಿದ್ಧ ಉದ್ಯಮವನ್ನು ಸ್ಥಾಪಿಸಿದವರು.

ಕಾದಂಬರಿಯಲ್ಲಿ ಈ ಮನೆತನ ಫ್ರಾಮ್‌ಜಿ ಎಂದಾಗಿದೆ. ಪುಣೆಯ ಸೇನಾ ಆಸ್ಪತ್ರೆಯಲ್ಲಿ ಗಾಯ ಮಾಯಿಸಿಕೊಳ್ಳುತ್ತ ಷರ್ಲಾಕ್ ಹೋಮ್ಸ್‌ನ ಕಥೆ ಓದುತ್ತಿರುವ ಕ್ಯಾಪ್ಟನ್ ಜೇಮ್ಸ್ ಅಗ್ನಿಹೋತ್ರಿ, ಪತ್ರಿಕೆಯಲ್ಲಿ ಬಂದ ವಿಧುರನ ಪುಟ್ಟ ಪತ್ರವೊಂದರಿಂದ ಕಲಕಿಹೋಗಿ, ಆ ಸಾವುಗಳ ಸತ್ಯವನ್ನು ಹುಡುಕಹೊರಡುತ್ತಾನೆ. ಕೊಲೆಗಾರ ಯಾರೆಂದು ಇಲ್ಲಿ ಹೇಳಿ ಓದದವರ ಸುಖವನ್ನು ಕೆಡಿಸುವುದಿಲ್ಲ. ನಮ್ಮ ಮಾತು ಕೊಲೆಗಾರನ ಬಗ್ಗೆ ಅಲ್ಲ, ಗೋಪುರದ ಬಗ್ಗೆ. ಇಂಥ ಕಾದಂಬರಿಯಲ್ಲಿ ಸಂಕೇತವೆಂಬುದು ಅಲಂಕಾರವೇ, ಅಥವಾ ಅದಕ್ಕೊಂದು ಹೊಣೆಯಿದೆಯೇ ಎಂಬ ಪ್ರಶ್ನೆಯ ಬಗ್ಗೆ.

ಪತ್ತೇದಾರಿ ಕಾದಂಬರಿಯಲ್ಲಿ ವಸ್ತುಗಳಿಗೆ ಎರಡು ಬಗೆಯ ಬಾಳು ಸಾಧ್ಯ. ಒಂದು ಸುಳಿವಿನ ಬಾಳು. ನೆಲದ ಮೇಲೆ ಬಿದ್ದ ಗುಂಡಿ, ಹರಿದ ಕಾಗದ, ನಿಂತ ಗಡಿಯಾರ, ಇವೆಲ್ಲ ಒಂದೇ ಒಂದು ಅರ್ಥದ ಕಡೆಗೆ ಬೆರಳು ತೋರಿಸುತ್ತವೆ. ಒಗಟು ಬಿಡಿಸಿದ ಕ್ಷಣದಲ್ಲಿ ಅವುಗಳ ಕೆಲಸ ತೀರುತ್ತದೆ. ಇನ್ನೊಂದು ಸಂಕೇತದ ಬಾಳು. ಒಗಟು ಬಿಡಿಸಿದ ಮೇಲೂ ಅದು ಮುಗಿಯುವುದಿಲ್ಲ. ಎಷ್ಟೋ ವೇಳೆ ಆಗಲೇ ಆರಂಭವಾಗುತ್ತದೆ. ನಮ್ಮ ಕಾವ್ಯಮೀಮಾಂಸೆಗೆ ಈ ಭೇದ ಹೊಸತಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯ ಒಂದು ಪ್ರಕಾರವನ್ನು ಹೋಲಿಸಿದ್ದು ಘಂಟೆಯ ಅನುರಣನಕ್ಕೆ: ಬಾರಿಸಿದ ಪೆಟ್ಟು ನಿಂತ ಮೇಲೂ ಗಾಳಿಯಲ್ಲಿ ಉಳಿಯುವ ನಾದಕ್ಕೆ. ಹೆಚ್ಚುಕಡಿಮೆ ಅದೇ ಕಾಲದ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಹೆಸರಿಸುತ್ತದೆ. ಸುಳಿವು ಘಂಟೆಯ ಪೆಟ್ಟಾದರೆ, ಸಂಕೇತ ಅದರ ಅನುರಣನ.

ಶುದ್ಧ ಒಗಟಿನ ಕಾದಂಬರಿಗೆ ಪೆಟ್ಟು ಸಾಕು. ನಮ್ಮ ಪೀಳಿಗೆಯವರ ಮನೆಯ ಹಿರಿಯರು ಬಸ್ ನಿಲ್ದಾಣಗಳಲ್ಲಿ ಕೊಂಡು ಓದುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಅನುರಣನದ ಭರವಸೆಯನ್ನು ಕೊಟ್ಟಿರಲಿಲ್ಲ. ಕೊಟ್ಟ ಭರವಸೆಯನ್ನು ಅವು ಚೆನ್ನಾಗಿಯೇ ನಡೆಸಿಕೊಟ್ಟವು. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಓದಿದವರಿಗೆ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ, ಮುಸುಕಿನ ಜೋಳದ ತೆನೆಯನ್ನು ಹೋಲುವ ಆಕೃತಿ ನೆನಪಿರುತ್ತದೆ. ಅಲ್ಲಿ ಚರಿತ್ರೆಯೇ ಸುಳಿವುಗಳ ಭಂಡಾರ. ಅದನ್ನು ಬಿಡಿಸುವ ಕುತೂಹಲವೇ ಓದಿನ ಸುಖ. ಈ ಬಗೆಯ ಬರವಣಿಗೆಯನ್ನು ಕೀಳೆಂದು ತಿಳಿಯುವ ಪಂಡಿತರ ಗುಂಪಿಗೆ ನಾವು ಸೇರಿದವರಲ್ಲ.

ಆದರೆ ಐತಿಹಾಸಿಕ ಕೊಲೆಯ ಕಥೆಯಲ್ಲಿ, ಅದರಲ್ಲೂ ನಿಜವಾಗಿ ಬದುಕಿ ಸತ್ತವರ ಕಥೆಯಲ್ಲಿ, ಒಂದು ಹೆಚ್ಚಿನ ತೊಡಕಿದೆ. ಅಲ್ಲಿ ನ್ಯಾಯಾಲಯಕ್ಕೆ ಸಿಗದ ಉತ್ತರವನ್ನು ಕಾದಂಬರಿಕಾರರು ಕಲ್ಪಿಸಿಕೊಡುತ್ತಾರೆ. ಓದುಗನಿಗೆ ಸಮಾಧಾನವಾಗುತ್ತದೆ, ಪುಸ್ತಕ ಮುಚ್ಚುತ್ತದೆ. ಸತ್ತವರಿಗೆ ಏನಾಯಿತು? ಅವರ ಸಾವಿಗೆ ಒಂದು ಸುಳ್ಳು ಉತ್ತರ ಸಿಕ್ಕಿತು, ಅಷ್ಟೆ. ಆ ಸುಳ್ಳು ಎಷ್ಟು ಅಚ್ಚುಕಟ್ಟಾಗಿದ್ದರೆ ಅಷ್ಟು ಬೇಗ ನಿಜವಾದ ಪ್ರಶ್ನೆ ಮರೆತುಹೋಗುತ್ತದೆ. ಹಾಗಾಗದಂತೆ ತಡೆಯಬಲ್ಲದ್ದು ಸಂಕೇತವೊಂದೇ ಎಂಬುದು ನಮ್ಮ ಅಭಿಪ್ರಾಯ. ಸುಳಿವು ಕೊಲೆಗಾರನಿಗೆ ಸೇರಿದ್ದು. ಸಂಕೇತ ಸತ್ತವರಿಗೆ ಸೇರಬೇಕಾದದ್ದು.

ಹಾಗಾದರೆ ರಾಜಾಬಾಯಿ ಗೋಪುರ ಯಾವುದರ ಸಂಕೇತ? ಇದನ್ನು ಹೇಳುವ ಮೊದಲು ಗೋಪುರದ ಚರಿತ್ರೆಯನ್ನು ನೋಡಬೇಕು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ, ಮುಂಬಯಿಗೆ ಒಮ್ಮೆಯೂ ಕಾಲಿಡದೆ, ಲಂಡನ್ನಿನಲ್ಲೇ ಕುಳಿತು ಇದರ ನಕ್ಷೆ ಬರೆದ. 1869ರಲ್ಲಿ ಅಡಿಗಲ್ಲು ಬಿದ್ದು 1878ರಲ್ಲಿ ಕೆಲಸ ಮುಗಿಯಿತು. ಎತ್ತರ 280 ಅಡಿ, ಎಂದರೆ ಸುಮಾರು 85 ಮೀಟರು. ಹಣ ಕೊಟ್ಟವರು ಹತ್ತಿಯ ದೊರೆ ಎನಿಸಿದ ಪ್ರೇಮಚಂದ್ ರಾಯಚಂದ್. ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಾದಾಗ ನಮ್ಮ ನೆಲದ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂಬಯಿ ಆ ಬೆಲೆಯ ಮೇಲೆ ಜೂಜಾಡಿತು. ಯುದ್ಧ ಮುಗಿದ 1865ರಲ್ಲಿ ಎಲ್ಲವೂ ಕುಸಿಯಿತು. ಪ್ರೇಮಚಂದ್ ಕೂಡ ಕುಸಿದರು. ಗೋಪುರ ಮಾತ್ರ ಎದ್ದಿತು, ಅವರ ತಾಯಿ ರಾಜಾಬಾಯಿಯ ಹೆಸರಿನಲ್ಲಿ.

ಆ ತಾಯಿಯ ಬಗ್ಗೆ ಮುಂಬಯಿಯಲ್ಲಿ ಒಂದು ಪ್ರತೀತಿ ಇದೆ. ಆಕೆ ಕಣ್ಣು ಕಾಣದವರು, ಜೈನ ಧರ್ಮವನ್ನು ಕಟ್ಟುನಿಟ್ಟಾಗಿ ಪಾಲಿಸುವವರು. ಸೂರ್ಯಾಸ್ತದ ಮುನ್ನ ಊಟ ಮುಗಿಸಬೇಕು. ಹೊತ್ತು ಎಷ್ಟಾಯಿತೆಂದು ಯಾರನ್ನೂ ಕೇಳದೆ ತಿಳಿಯಲು ಈ ಗೋಪುರದ ಸಂಜೆಯ ಘಂಟೆ ಆಕೆಗೆ ನೆರವಾಗುತ್ತಿತ್ತಂತೆ. ಪ್ರತೀತಿ ನಿಜವೋ ಅಲ್ಲವೋ, ಅದರ ಪಕ್ಕದಲ್ಲಿ 1891ರ ಘಟನೆಯನ್ನು ಇಟ್ಟು ನೋಡಿ. ಕಾಣಲಾರದ ಹೆಂಗಸಿಗಾಗಿ ಕಟ್ಟಿದರೆನ್ನುವ ಗೋಪುರವನ್ನು, ಕಾಣಬೇಕೆಂಬ ಆಸೆಯಿಂದ ಇಬ್ಬರು ತರುಣಿಯರು ಹತ್ತಿದರು. ನಗರವನ್ನೂ ಸಮುದ್ರವನ್ನೂ ಎತ್ತರದಿಂದ ನೋಡಲೆಂದೇ ಅವರು ಹೋದದ್ದು ಎಂಬ ಮಾತು ಗೋದ್ರೆಜ್ ಮನೆತನದ ಕಥೆ ಹೇಳುವವರಲ್ಲಿ ಉಳಿದುಬಂದಿದೆ.

ಇನ್ನೊಂದು ಸಂಗತಿ ಕಾಲಕ್ಕೆ ಸಂಬಂಧಿಸಿದ್ದು. ಆ ದಿನಗಳಲ್ಲಿ ಮುಂಬಯಿಗೆ ಒಂದೇ ಕಾಲ ಇರಲಿಲ್ಲ. ರೈಲುಗಳು ಮದರಾಸು ಕಾಲದಲ್ಲಿ ಓಡುತ್ತಿದ್ದವು. ಊರಿನ ಜನ ಅದಕ್ಕಿಂತ ಸುಮಾರು ಅರ್ಧ ಗಂಟೆ ಹಿಂದಿದ್ದ ಮುಂಬಯಿ ಕಾಲದಲ್ಲಿ ಬದುಕುತ್ತಿದ್ದರು. ಸರಕಾರ ಹೇರಹೊರಟ ಮದರಾಸು ಕಾಲವನ್ನು ನಗರ ಹಟ ಹಿಡಿದು ತಿರಸ್ಕರಿಸಿದ್ದೂ ಉಂಟು. ಇಂದಿನ ಭಾರತೀಯ ಕಾಲಕ್ಕೆ ಹೋಲಿಸಿದರೆ ಆ ಮುಂಬಯಿ ಕಾಲ 39 ನಿಮಿಷ ಹಿಂದೆ. ಕೊಲೆಯ ವಿಚಾರಣೆಯಲ್ಲಿ ಎಲ್ಲಕ್ಕೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಹೊತ್ತಿಗೆ?’ ಎಂಬುದು. ಎಷ್ಟು ಹೊತ್ತು ಎಂಬುದೇ ವಿವಾದವಾಗಿದ್ದ ಊರಿನಲ್ಲಿ, ಆ ಊರಿನ ಅತಿ ದೊಡ್ಡ ಗಡಿಯಾರದ ಕೆಳಗೆ, ಈ ಸಾವು ಸಂಭವಿಸಿತು.

ಮೂರನೆಯದು ನ್ಯಾಯಸ್ಥಾನ. ಗೋಪುರದ ಪಕ್ಕದಲ್ಲೇ, ಅದೇ 1878ರಲ್ಲಿ ಕಟ್ಟಿ ಮುಗಿಸಿದ ಹೈಕೋರ್ಟಿನ ಕಟ್ಟಡವಿದೆ. ಅದರ ನೆತ್ತಿಯ ಮೇಲೆ ನ್ಯಾಯದೇವಿಯ, ಕರುಣಾದೇವಿಯ ಮೂರ್ತಿಗಳಿವೆ. ಹೆಣಗಳು ಬಿದ್ದ ಜಾಗದಿಂದ ಆ ಎರಡು ಕಲ್ಲಿನ ಹೆಂಗಸರು ಕೆಲವು ನೂರು ಹೆಜ್ಜೆಯಷ್ಟೇ ದೂರ. ಇದನ್ನು ಯಾವ ಕಾದಂಬರಿಕಾರರೂ ಕಲ್ಪಿಸಿದ್ದಲ್ಲ. ಓವಲ್ ಮೈದಾನದ ನಡುವೆ ನಿಂತರೆ ಇಂದಿಗೂ ಎರಡೂ ಒಂದೇ ನೋಟಕ್ಕೆ ಕಾಣುತ್ತವೆ.

ಇಷ್ಟು ಸಂಪತ್ತು ಕೈಗೆ ಸಿಕ್ಕಿದ ಕಾದಂಬರಿ ಅದನ್ನು ಹೇಗೆ ಬಳಸಿಕೊಂಡಿತು? ಮೊದಲ ಭಾಗದಲ್ಲಿ ಚೆನ್ನಾಗಿಯೇ ಬಳಸಿಕೊಂಡಿದೆ. ತನಿಖೆಗಾರ ತಾನೇ ಗೋಪುರವನ್ನು ಹತ್ತಿ ಪರೀಕ್ಷಿಸುವಾಗ ಆ ಎತ್ತರ ಓದುಗನ ಮೈಗೂ ತಟ್ಟುತ್ತದೆ. ತನಿಖೆಗಾರನೇ ಒಂದು ಒಳ್ಳೆಯ ಸಂಕೇತ: ಆಂಗ್ಲ ತಂದೆ, ಭಾರತೀಯ ತಾಯಿ, ಎರಡೂ ಸಮಾಜಗಳ ಅಂಚಿನಲ್ಲಿ ನಿಂತವನು. ಅವನ ಅಡ್ಡಹೆಸರು ಅಗ್ನಿಹೋತ್ರಿ, ಅವನು ಸೇವೆಗೆ ನಿಂತದ್ದು ಅಗ್ನಿಯನ್ನು ಆರಾಧಿಸುವ ಪಾರಸಿ ಮನೆಗೆ. ಲೇಖಕಿ ಇದನ್ನು ಉದ್ದೇಶಿಸಿದ್ದರೋ ಇಲ್ಲವೋ, ಹೊರಗಿನವನೊಬ್ಬ ಆ ಮನೆಯ ಬೆಂಕಿಯ ಹತ್ತಿರ ಬರುವ ಬಗೆ ಆ ಹೆಸರಿನಲ್ಲೇ ಮಿಡಿಯುತ್ತದೆ. ಆದರೆ ಬರಬರುತ್ತ ಕಥೆ ಲಾಹೋರಿನತ್ತ, ಸಿಮ್ಲಾದತ್ತ ಓಡುತ್ತದೆ. ವೇಷಾಂತರ, ಕಾದಾಟ, ಅನಾಥ ಮಕ್ಕಳ ರಕ್ಷಣೆ, ಪ್ರೇಮ, ಎಲ್ಲವೂ ಬರುತ್ತವೆ. ಓದಿಗೆ ಬೇಸರವಿಲ್ಲ. ಗೋಪುರ ಮಾತ್ರ ದೂರವಾಗುತ್ತ ದೂರವಾಗುತ್ತ, ಕೊನೆಗೆ ‘ಅಪರಾಧ ನಡೆದ ಸ್ಥಳ’ ಎಂಬಷ್ಟಕ್ಕೆ ಇಳಿದುಬಿಡುತ್ತದೆ.

ನಮ್ಮ ಬಳಗದ ಕೂಟದಲ್ಲಿ ಈ ಕಾದಂಬರಿಯ ಮೇಲೆ ಎರಡು ಗಂಟೆ ಚರ್ಚೆ ನಡೆಯಿತು. ಸುಳಿವುಗಳು ಪ್ರಾಮಾಣಿಕವಾಗಿವೆಯೇ, ಕೊಲೆಗಾರನನ್ನು ಮೊದಲೇ ಊಹಿಸಬಹುದಿತ್ತೇ ಎಂದು ವಾದಿಸಿದೆವು. ಡೊಂಬಿವಲಿಯ ಒಂದು ಮನೆಯ ಹಜಾರ. ಚಹಾ ಎರಡನೆಯ ಸುತ್ತಿಗೆ ಬಂದಿತ್ತು. ಅದುವರೆಗೆ ಸುಮ್ಮನೆ ಕುಳಿತಿದ್ದ ಧಾರವಾಡದ ಅಕ್ಕ, ಬಳಗದಲ್ಲಿ ಎಲ್ಲರಿಗಿಂತ ಹಿರಿಯರು, ಬಟ್ಟಲು ಕೆಳಗಿಟ್ಟು ಕೇಳಿದರು: “ಯಾರು ನೂಕಿದ್ರು, ಯಾರು ನೂಕಿದ್ರು ಅಂತ ಎಲ್ಲಾರೂ ಕೇಳಾಕತ್ತೀರಿ. ಆ ಹುಡುಗೇರು ಯಾಕ ಹತ್ತಿದ್ರು ಅಂತ ಒಬ್ಬರರ ಕೇಳೀರೇನು?” ಸ್ವಲ್ಪ ತಡೆದು ಅವರೇ ಮುಂದುವರಿಸಿದರು: “ನಾ ಮದುವ್ಯಾಗಿ ಈ ಊರಿಗೆ ಬಂದು ನಾಲ್ವತ್ತು ವರ್ಷಾತು. ಊರು ಮ್ಯಾಲಿಂದ ಹೆಂಗ ಕಾಣತದ ಅಂತ ನನಗೂ ಆಸೆ ಇತ್ತರೀ. ಯಾರೂ ಕರಕೊಂಡು ಹೋಗಲಿಲ್ಲ, ನಾನೂ ಕೇಳಲಿಲ್ಲ.”

ಆ ಮಾತಿನ ಮೇಲೆ ನಾವು ಯಾರೂ ಕೂಡಲೇ ಬಾಯಿ ತೆರೆಯಲಿಲ್ಲ. ಇಂಗ್ಲಿಷ್ ಎಂ.ಎ. ಓದಿದ ನಾವು ಗೋಪುರವನ್ನು ಪತನದ ಸಂಕೇತವೆಂದು, ಸಾಮ್ರಾಜ್ಯದ ದರ್ಪದ ಸಂಕೇತವೆಂದು ಆಗಲೇ ವಿವರಿಸಿ ಮುಗಿಸಿದ್ದೆವು. ರೂಲ್ ಬ್ರಿಟಾನಿಯಾ ನುಡಿಸುತ್ತಿದ್ದ ಗಡಿಯಾರಕ್ಕೆ ಆ ಅರ್ಥ ಹೊಂದುವುದೇನೋ ನಿಜ. ಆದರೆ ಅವೆಲ್ಲ ಕೆಳಗೆ ನಿಂತು ನೋಡಿದವರ ಅರ್ಥಗಳು. ಅಕ್ಕನ ಪ್ರಶ್ನೆ ಮೆಟ್ಟಿಲ ಮೇಲಿದ್ದವರದು. 1891ರಲ್ಲಿ ಗಂಡಸರ ಜೊತೆಯಿಲ್ಲದೆ ಇಬ್ಬರು ತರುಣಿಯರು ಮುಂಬಯಿಯ ಅತಿ ಎತ್ತರದ ಕಟ್ಟಡವನ್ನು ತಮ್ಮ ಕಾಲಿನಿಂದ ಹತ್ತಿದರು ಎಂಬುದು, ಅವರು ಬಿದ್ದರು ಎಂಬುದಕ್ಕಿಂತ ಸಣ್ಣ ಸಂಗತಿಯಲ್ಲ. ಇದೇ ವಿಶ್ವವಿದ್ಯಾಲಯದಿಂದ ಕಾರ್ನೀಲಿಯಾ ಸೊರಾಬ್ಜಿ ಪದವಿ ಪಡೆದ ಮೊದಲ ಮಹಿಳೆಯಾಗಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ಹೆಣ್ಣುಮಕ್ಕಳು ಮೇಲೇರಲು ಆರಂಭಿಸಿದ್ದ ಕಾಲವದು. ಕಾದಂಬರಿಯಲ್ಲಿ ಅವರು ಹತ್ತುವುದು ಒಳಸಂಚಿನ ಒಂದು ಕೊಂಡಿಯಾಗುತ್ತದೆ. ಎಂದರೆ ಹತ್ತುವಿಕೆಯೂ ಸುಳಿವಾಗಿ ಖರ್ಚಾಗಿಬಿಡುತ್ತದೆ. ನಮ್ಮ ದೂರು ಇಷ್ಟೇ: ನೋಡಬೇಕೆಂಬ ಅವರ ಆಸೆಗೆ ಈ ಕಥೆಯಲ್ಲಿ ಜಾಗ ಸಾಲದಾಯಿತು.

ಇದು ಅಸಾಧ್ಯವಾದ ಬೇಡಿಕೆಯಲ್ಲ ಎನ್ನಲು ಇದೇ ನಗರದ ಇನ್ನೊಂದು ಕಾದಂಬರಿ ಸಾಕ್ಷಿ. ಸುಜಾತಾ ಮ್ಯಾಸಿಯವರ ‘ದ ವಿಡೋಸ್ ಆಫ್ ಮಲಬಾರ್ ಹಿಲ್’ (2018) ನಡೆಯುವುದು 1921ರ ಮುಂಬಯಿಯಲ್ಲಿ. ನಾಯಕಿ ಪರ್ವೀನ್ ಮಿಸ್ತ್ರಿ ಪಾರಸಿ ವಕೀಲೆ. ಆಕೆಯನ್ನು ರೂಪಿಸುವಾಗ ಲೇಖಕಿಯ ಮನಸ್ಸಿನಲ್ಲಿ ಸೊರಾಬ್ಜಿಯಂಥವರಿದ್ದರು. ಮಲಬಾರ್ ಹಿಲ್ಲಿನ ಬಂಗಲೆಯಲ್ಲಿ ಗೋಷಾದಲ್ಲಿರುವ ಮೂವರು ಮುಸ್ಲಿಂ ವಿಧವೆಯರ ಆಸ್ತಿಯ ತಗಾದೆ, ಅದರ ನಡುವೆ ಒಂದು ಕೊಲೆ. ಹೊರಗಿನ ಗಂಡಸರೊಡನೆ ಆ ಹೆಂಗಸರು ಮಾತಾಡುವುದು ಜಾಲಂಧ್ರದ ಮರೆಯಿಂದ. ಪತ್ತೇದಾರಿ ಕಥೆಗಳಲ್ಲಿ ‘ಮುಚ್ಚಿದ ಕೋಣೆ’ ಹಳೆಯ ಕಸರತ್ತು: ಬಾಗಿಲು ಒಳಗಿನಿಂದ ಭದ್ರ, ಒಳಗೆ ಹೆಣ. ಈ ಕಾದಂಬರಿಯಲ್ಲಿ ಮುಚ್ಚಿದ ಕೋಣೆಯಲ್ಲಿರುವವರು ಬದುಕಿದ್ದಾರೆ. ಪರ್ವೀನಳ ಹಿಂದಿನ ಬದುಕಿನಲ್ಲೂ ಒಂದು ಕೋಣೆಯಿದೆ: ಕಲ್ಕತ್ತೆಯ ಅತ್ತೆಮನೆಯಲ್ಲಿ, ತಿಂಗಳ ಆ ದಿನಗಳಲ್ಲಿ ಆಕೆಯನ್ನು ಒಂಟಿಯಾಗಿ ಕೂಡಿಡುತ್ತಿದ್ದ ಕೋಣೆ. ‘ಹೊರಗಾಗುವುದು’ ಎಂಬ ಮಾತನ್ನು ಕೇಳುತ್ತ ಬೆಳೆದ ಕನ್ನಡದ ಓದುಗರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಒಗಟು ಬಿಡಿಸಿದ ಮೇಲೂ ಜಾಲಂಧ್ರ ನಮ್ಮ ಕಣ್ಣ ಮುಂದೆ ಉಳಿಯುತ್ತದೆ. ಏಕೆಂದರೆ ಅದು ಕೊಲೆಗಿಂತ ಹಳೆಯದು. ಸಂಕೇತ ತನ್ನ ಹೊಣೆಯನ್ನು ನಿರ್ವಹಿಸುವುದು ಹೀಗೆ.

ನಮ್ಮ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಎಲ್ಲದರಲ್ಲೂ ಸಂಕೇತ ಕಾಣುವುದು ಓದುಗರ ಚಟ. ಚರಿತ್ರೆ ಕಾಕತಾಳೀಯಗಳಿಂದ ತುಂಬಿದೆ, ಅವಕ್ಕೆಲ್ಲ ಅರ್ಥ ಹಚ್ಚುವುದು ಸರಿಯಲ್ಲ ಎಂಬುದು ಆ ಆಕ್ಷೇಪ. ಇದರ ತೂಕವನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ಉಂಬರ್ತೊ ಇಕೊ. ಅವರ ‘ದ ನೇಮ್ ಆಫ್ ದ ರೋಸ್’ (ಇಟಾಲಿಯನ್ ಮೂಲ 1980) 1327ರ ಒಂದು ಕ್ರೈಸ್ತ ಮಠದಲ್ಲಿ ಸಾಲಾಗಿ ನಡೆಯುವ ಸಾವುಗಳ ಕಥೆ. ತನಿಖೆಗಾರ ವಿಲಿಯಂ ಆ ಸಾವುಗಳಲ್ಲಿ ಬೈಬಲ್ಲಿನ ಕೊನೆಯ ಗ್ರಂಥದ ಏಳು ತುತ್ತೂರಿಗಳ ಕ್ರಮವನ್ನು ಕಾಣುತ್ತಾನೆ, ಅದರ ಬೆನ್ನು ಹತ್ತಿ ಅಪರಾಧಿಯನ್ನು ತಲುಪುತ್ತಾನೆ, ತಲುಪಿದ ಮೇಲೆ ಅಂಥ ಕ್ರಮವೇ ಇರಲಿಲ್ಲವೆಂದು ತಿಳಿಯುತ್ತಾನೆ. ಅಷ್ಟರಲ್ಲಿ ಗ್ರಂಥಾಲಯಕ್ಕೆ ಬೆಂಕಿ ಬಿದ್ದಿರುತ್ತದೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ‘ಚಿದಂಬರ ರಹಸ್ಯ’ದಲ್ಲಿ (1985) ಬೇರೊಂದು ದಾರಿಯಿಂದ ಇಂಥದೇ ಬೆಂಕಿಗೆ ಬಂದು ಮುಟ್ಟಿದರು. ಏಲಕ್ಕಿ ವಿಜ್ಞಾನಿಯ ಸಾವಿನ ತನಿಖೆಯಿಂದ ಹೊರಟ ಕಥೆಯಲ್ಲಿ ಕೊಲೆಗಾರನಿಗಿಂತ ದೊಡ್ಡದಾಗಿ ಬೆಳೆಯುವುದು ಕೆಸರೂರೆಂಬ ಊರಿನ ಒಳಗಿನ ಒಣಗು. ಪರದೆ ಸರಿಸಿದರೆ ಬಯಲು ಕಾಣುವ ಚಿದಂಬರದ ಗರ್ಭಗುಡಿಯನ್ನು ಹೆಸರಿನಲ್ಲಿಟ್ಟುಕೊಂಡ ಕಾದಂಬರಿಯಿಂದ ಅಚ್ಚುಕಟ್ಟಾದ ಉತ್ತರವನ್ನು ನಿರೀಕ್ಷಿಸುವುದೇ ತಪ್ಪು.

ಈ ಎಚ್ಚರಿಕೆಯನ್ನು ನಾವು ಒಪ್ಪುತ್ತೇವೆ. ಒಪ್ಪಿ, ಎರಡು ಕಾಕತಾಳೀಯಗಳನ್ನು ಓದುಗರ ಮುಂದಿಡುತ್ತೇವೆ.

ಮೊದಲನೆಯದು. ಕಾನನ್ ಡಾಯ್ಲ್‌ನ ‘ದ ಫೈನಲ್ ಪ್ರಾಬ್ಲಂ’ ಕಥೆಯಲ್ಲಿ ಷರ್ಲಾಕ್ ಹೋಮ್ಸ್ ಕೊಲೆಗಡುಕರಿಂದ ತಪ್ಪಿಸಿಕೊಂಡು ವಾಟ್ಸನ್ನನ ಮನೆಗೆ ಬರುವುದು 1891ರ ಏಪ್ರಿಲ್ 24ರ ಸಂಜೆ. ಮರುದಿನ ಇಬ್ಬರೂ ಲಂಡನ್ ಬಿಡುತ್ತಾರೆ. ಆ ಮರುದಿನವೇ ಏಪ್ರಿಲ್ 25. ಮೇ 4ರಂದು ಹೋಮ್ಸ್ ಜಲಪಾತದ ಪ್ರಪಾತಕ್ಕೆ ಬಿದ್ದನೆಂದು ಕಥೆ ಹೇಳುತ್ತದೆ. 1893ರಲ್ಲಿ ಆ ಕಥೆ ಅಚ್ಚಾದಾಗ ಓದುಗರು ಗೋಳಾಡಿದರು, ಸಿಟ್ಟಾದರು. ಕಡೆಗೆ ಲೇಖಕ ಅವನನ್ನು ಬದುಕಿಸಬೇಕಾಯಿತು. ಕಲ್ಪಿತ ಪತ್ತೇದಾರನೊಬ್ಬ ಎತ್ತರದಿಂದ ಬಿದ್ದರೆ ಮರಳಿ ಬರಬಲ್ಲ. ಅದೇ ವಸಂತದಲ್ಲಿ ಮುಂಬಯಿಯಲ್ಲಿ ನಿಜವಾಗಿ ಬಿದ್ದ ಇಬ್ಬರಿಗೆ ಅಂಥ ಓದುಗರು ಸಿಗಲಿಲ್ಲ.

ಎರಡನೆಯದು. ಪತ್ನಿಯನ್ನು ಕಳೆದುಕೊಂಡ ಅರ್ದೇಶಿರ್ ಗೋದ್ರೆಜ್ ಮತ್ತೆ ಮದುವೆಯಾಗಲಿಲ್ಲ. ವಕೀಲಿಯಲ್ಲಿ ಮನಸ್ಸು ನಿಲ್ಲದೆ ಅದನ್ನು ಬಿಟ್ಟರು. 1897ರಲ್ಲಿ ಬೀಗ ತಯಾರಿಸುವ ಕೆಲಸ ಹಿಡಿದರು. ನಗರದಲ್ಲಿ ಹೆಚ್ಚುತ್ತಿದ್ದ ಕಳವುಗಳ ಸುದ್ದಿ ಓದಿ ಅದು ಹೊಳೆಯಿತೆನ್ನುತ್ತಾರೆ. ಬಿಡಿಸಲಾಗದ ಒಗಟಿನ ಮನೆಯಿಂದ ಬಂದವರು ತೆರೆಯಲಾಗದ ಬೀಗ ಮಾಡಿದರು! ಇದನ್ನು ಕಾದಂಬರಿಯಲ್ಲಿ ಓದಿದ್ದರೆ ‘ಸಂಕೇತ ಅತಿಯಾಯಿತು’ ಎಂದು ನಾವೇ ಅಂಚಿನಲ್ಲಿ ಬರೆಯುತ್ತಿದ್ದೆವು. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವ ಹಕ್ಕು ನಮಗಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸುಮ್ಮನಾಗುವ ಹಕ್ಕಿದೆ. ಸುಳಿವು ‘ಆದ್ದರಿಂದ’ ಎನ್ನುತ್ತದೆ. ಸಂಕೇತ ಆ ಪದವನ್ನು ಬಳಸದೆ ತನ್ನ ಕೆಲಸ ಮಾಡುತ್ತದೆ. ಕಾಕತಾಳೀಯಕ್ಕೆ ಕಾರಣ ಹಚ್ಚುವುದು ತಪ್ಪು. ಅದನ್ನು ನೋಡಿಯೂ ನೋಡದಂತೆ ದಾಟಿಹೋಗುವುದು ಬೇರೆ ಬಗೆಯ ತಪ್ಪು.

ಕೊನೆಯದಾಗಿ ನಮ್ಮ ಮನೆಯ ಮಾತು. ಈ ಎರಡೂ ಕಾದಂಬರಿಗಳು ಇಂಗ್ಲಿಷಿನಲ್ಲಿವೆ. ಎರಡನ್ನೂ ಬರೆದವರು ಅಮೆರಿಕದಲ್ಲಿದ್ದಾರೆ. ಹಳೆಯ ಮುಂಬಯಿಯನ್ನು ಕೊಲೆಯ ಕಥೆಯಾಗಿ ನೋಡುವ ಕಾದಂಬರಿ ಮುಂಬಯಿ ಕನ್ನಡದಲ್ಲಿ ನಮಗೆ ಕಂಡಿಲ್ಲ. ಇಲ್ಲಿಯ ಕನ್ನಡ ಬರವಣಿಗೆಗೆ ಒಗಟಿನ ಗುಣ ಅಪರಿಚಿತವೇನಲ್ಲ: ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದಿದವರಿಗೆ ಗೊತ್ತು, ಕೆಲಸದಿಂದ ಅಮಾನತಾದ ನಾಗಪ್ಪ ತನ್ನ ವಿರುದ್ಧದ ಸಂಚಿನ ಎಳೆಗಳನ್ನು ಹುಡುಕುವ ಬಗೆ ಯಾವ ಪತ್ತೇದಾರಿ ಕಥೆಗೂ ಕಡಿಮೆಯದಲ್ಲ. ಕಚೇರಿಯ ಕಡತವೇ ಆಯುಧವಾಗುವ ಆ ಜಗತ್ತು ನಮ್ಮಂಥ ನೌಕರರಿಗೆ ಮೈಚಳಿ ಬರಿಸುವಷ್ಟು ಪರಿಚಿತ.

ರಾಜಾಬಾಯಿ ಗೋಪುರದಲ್ಲಿ ಕನ್ನಡದ ಪಾಲೇನು ಎಂದು ಯಾರಾದರೂ ಕೇಳಿಯಾರು. ಪಾಲಿದೆ. ಅಂತರ್ಯುದ್ಧದ ಕಾಲದಲ್ಲಿ ಮುಂಬಯಿಯ ಪೇಟೆಗೆ ಬಂದ ಹತ್ತಿಯಲ್ಲಿ ಧಾರವಾಡ ಸೀಮೆಯ ಹತ್ತಿಯೂ ಇತ್ತು. ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗೇರಿ ಬಂದ ಆ ಹತ್ತಿಗೆ ಇಲ್ಲಿಯ ವ್ಯಾಪಾರಿಗಳು ‘ಕುಮಟಾ’ ಎಂದೇ ಹೆಸರಿಟ್ಟಿದ್ದರು. ಆ ಪೇಟೆಯ ಲಾಭದಿಂದಲೇ ಎದ್ದ ಗೋಪುರವಿದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಧಾರವಾಡ, ಬೆಳಗಾವಿ, ಕಾರವಾರಗಳ ಹುಡುಗರ ಪದವಿಪತ್ರಗಳ ಮೇಲೆ ಇದ್ದದ್ದು ಮುಂಬಯಿ ವಿಶ್ವವಿದ್ಯಾಲಯದ ಹೆಸರು. ಬೇಂದ್ರೆಯವರು ಪುಣೆಯಲ್ಲಿ ಓದಿ 1918ರಲ್ಲಿ ಪಡೆದ ಪದವಿಯೂ ಇದೇ ವಿಶ್ವವಿದ್ಯಾಲಯದ್ದು. ಧಾರವಾಡದ ಹತ್ತಿ ಇಲ್ಲಿಗೆ ಬಂತು, ಧಾರವಾಡದ ಹುಡುಗರ ಪರೀಕ್ಷೆಯ ಫಲಿತಾಂಶ ಇಲ್ಲಿಂದ ಹೋಯಿತು. ಧಾರವಾಡದಿಂದ ಮದುವೆಯಾಗಿ ಬಂದ ಅಕ್ಕ ನಾಲ್ವತ್ತು ವರ್ಷ ಇಲ್ಲೇ ಇದ್ದೂ ಈ ಊರನ್ನು ಮೇಲಿನಿಂದ ನೋಡಲಿಲ್ಲ.

ಈಗ ನೋಡುವಂತೆಯೂ ಇಲ್ಲ. ಗೋಪುರದ ಸುರುಳಿ ಮೆಟ್ಟಿಲು ಸಾರ್ವಜನಿಕರಿಗೆ ಮುಚ್ಚಿದೆ. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ಈ ಕಟ್ಟಡಗಳ ಸಾಲಿಗೆ ವಿಶ್ವ ಪರಂಪರೆಯ ಮನ್ನಣೆ ದೊರೆಯಿತು. ಅಲ್ಲಿ ನಿಂತು ಚಿತ್ರ ತೆಗೆದುಕೊಳ್ಳುವವರಿಗೆ ಬರವಿಲ್ಲ, ಬಚೂಬಾಯಿ ಪಿರೋಜಬಾಯಿಯರ ಹೆಸರು ಬಲ್ಲವರು ಬಲು ವಿರಳ. ನೆವ್ ಮಾರ್ಚ್ ಅವರ ಕಾದಂಬರಿ ನಮ್ಮಂಥವರಿಗೆ ಆ ಹೆಸರುಗಳನ್ನು ತಿಳಿಸಿತು. ಅದಕ್ಕಾಗಿ ಅವರಿಗೆ ನಾವು ಋಣಿಗಳು. ಅದರ ಕೊರತೆಯನ್ನು ಹೇಳುವ ಸಲಿಗೆಯನ್ನೂ ಅದೇ ನಮಗೆ ಕೊಟ್ಟಿದೆ ಎಂದುಕೊಂಡಿದ್ದೇವೆ.

ನಮ್ಮ ಬಳಗದಲ್ಲಿ ಕಥೆ ಬರೆಯುವ ತರುಣ ತರುಣಿಯರಿದ್ದಾರೆ. ಹೊರನಾಡಿನ ಬೇರೆ ಬೇರೆ ಊರುಗಳಲ್ಲಿ ಕುಳಿತು ಇದನ್ನು ಓದುತ್ತಿರುವವರಲ್ಲೂ ಇದ್ದಾರು. ಪ್ರತಿ ಊರಿನಲ್ಲೂ ತೀರ್ಮಾನವಾಗದ ಒಂದು ಸಾವು, ಅದರ ಪಕ್ಕದಲ್ಲಿ ಒಂದು ಗೋಪುರವೋ ಬಾವಿಯೋ ಮುಚ್ಚಿದ ಬಾಗಿಲೋ ಇದ್ದೇ ಇರುತ್ತದೆ. ಅದನ್ನು ಬರೆಯಹೊರಟರೆ ಕೊಲೆಗಾರನನ್ನು ಹುಡುಕಿಕೊಡಿ, ಬೇಡವೆನ್ನುವುದಿಲ್ಲ. ಓದುಗರಿಗೂ ನಿದ್ದೆ ಬರಬೇಕಲ್ಲ. ಆದರೆ ಮೊದಲ ಅಧ್ಯಾಯವನ್ನು ಹೆಣ ಬಿದ್ದ ನೆಲದಿಂದ ಆರಂಭಿಸಬೇಡಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕಲ್ಲಿನ ಗೋಡೆಯನ್ನು ಆತುಕೊಂಡು, ಇನ್ನೆಷ್ಟು ಮೆಟ್ಟಿಲೆಂದು ಒಬ್ಬರನ್ನೊಬ್ಬರು ಕೇಳುತ್ತ ಇಬ್ಬರು ಹುಡುಗಿಯರು ಮೇಲೆ ಹತ್ತುತ್ತಿದ್ದಾರೆ. ಕಥೆ ಅಲ್ಲಿಂದ ಆರಂಭವಾಗಲಿ. ಅವರು ಮೇಲೆ ತಲುಪಲಿ, ಸ್ವಲ್ಪ ಹೊತ್ತಾದರೂ ಸಮುದ್ರ ನೋಡಲಿ.